ಕಂಪ್ರೆಸರ್ ದನಿ ಇಳಿಸುತ್ತಾ, ಏರಿಸುತ್ತಾ?

ನೀವು ಕೇಳಿರೋದು: ಮನೇಲಿ ಭಾವಗೀತೆ ರೆಕಾರ್ಡ್ ಮಾಡಿದ್ರೆ ಪಲ್ಲವಿ ಸರಿಯಾಗಿ ಕೇಳ್ಸಲ್ಲ, ಚರಣದಲ್ಲಿ ತಾರಸ್ಥಾಯಿಗೆ ಹೋದ ಕೂಡ್ಲೇ ಕಿವಿಗೆ ಹೊಡಿಯುತ್ತೆ, ಕಂಪ್ರೆಸರ್ (ಜೋರು ದನಿಗೂ ಮೆಲು ದನಿಗೂ ಇರೋ ಅಂತರ ಕಮ್ಮಿ ಮಾಡೋ ಸಾಧನ) ಹಾಕಿ ಅಂತಾರೆ, ಅದು ದನಿ ಇಳಿಸುತ್ತೆ ಅಂತ ಒಬ್ರು ಏರಿಸುತ್ತೆ ಅಂತ ಇನ್ನೊಬ್ರು, ಯಾವುದು ನಿಜ? ಇಬ್ರೂ ಹೇಳಿದ್ದು ಸರೀನೇ.

ನಿಜ ಹೇಳ್ಬೇಕಂದ್ರೆ ಅದಕ್ಕೆ ಬರೋದು ಇಳಿಸೋ ಕೆಲಸ ಒಂದೇ. ಇದು ಬರೋಕೆ ಮುಂಚೆ ಇಂಜಿನಿಯರ್ ಕೈಯಲ್ಲೇ ಮಾಡ್ತಿದ್ದ, ಹಾಡೋರು ದನಿ ಎತ್ತಿದ್ರೆ ನಾಬ್ ಇಳಿಸೋದು, ತಗ್ಗಿಸಿದ್ರೆ ಏರಿಸೋದು, ಹಾಡು ಮೊದಲೇ ಗೊತ್ತಿದ್ರೆ ಬಚಾವ್, ಇಲ್ಲಾಂದ್ರೆ ಕೈ ಹೋಗೋಷ್ಟರಲ್ಲಿ ಆ ಸಾಲೇ ಮುಗಿದಿರುತ್ತೆ. ಆ ಕೈ ಕೆಲಸಾನೇ ಈಗ ಸರ್ಕ್ಯೂಟ್ ಮಾಡುತ್ತೆ, ಅಷ್ಟೇ.

ಲೆಕ್ಕ ಹಾಕಿ ನೋಡಿ. ನಿಮ್ಮ ಪಲ್ಲವಿ -24 ಡಿಬಿ, ತಾರಸ್ಥಾಯಿ -6 ಡಿಬಿ ಅಂತ ಇಟ್ಕೊಳ್ಳಿ (ಡಿಬಿ ಅಂದ್ರೆ ಡೆಸಿಬೆಲ್, ದನಿಯ ಮಟ್ಟದ ಅಳತೆ, ಸೊನ್ನೆಗೆ ಹತ್ರ ಆದಷ್ಟೂ ಜೋರು), ನಡುವೆ 18 ಡಿಬಿ ಅಂತರ. ಥ್ರೆಶೋಲ್ಡ್, ಅಂದ್ರೆ ಯಾವ ಗೆರೆ ದಾಟಿದ್ರೆ ಅದುಮಬೇಕು ಅನ್ನೋದನ್ನ -18ಕ್ಕೆ, ರೇಶಿಯೋ, ಅಂದ್ರೆ ದಾಟಿದ್ದನ್ನ ಎಷ್ಟು ಅದುಮಬೇಕು ಅನ್ನೋದನ್ನ 4:1ಕ್ಕೆ ಇಟ್ರೆ, ಪಲ್ಲವಿ ಗೆರೆ ದಾಟಿಲ್ಲ, ಅದನ್ನ ಮುಟ್ಟೋದೇ ಇಲ್ಲ. ತಾರಸ್ಥಾಯಿ ಗೆರೆಗಿಂತ 12 ಡಿಬಿ ಮೇಲಿದೆ, ಅದರಲ್ಲಿ ನಾಲ್ಕನೇ ಒಂದು ಭಾಗ, ಅಂದ್ರೆ 3 ಡಿಬಿ ಮಾತ್ರ ಉಳಿಯುತ್ತೆ, -15ಕ್ಕೆ ಬಂತು. ಅಂತರ 9ಕ್ಕೆ ಇಳೀತು. ಈಗ ಮೇಕಪ್ ಗೇನ್‌ನಲ್ಲಿ, ಅಂದ್ರೆ ಅದುಮಿದ್ಮೇಲೆ ಒಟ್ಟು ದನಿ ಏರಿಸೋ ನಾಬ್‌ನಲ್ಲಿ, ಎಲ್ಲದಕ್ಕೂ 9 ಡಿಬಿ ಸೇರಿಸಿ, ಜೋರು ದನಿ ವಾಪಸ್ -6ರಲ್ಲಿ, ಪಲ್ಲವಿ ಮಾತ್ರ -15ಕ್ಕೆ ಏರಿದೆ. ಏರಿಸುತ್ತೆ ಅಂದೋರು ಕೇಳಿಸ್ಕೊಂಡಿದ್ದು ಇದನ್ನೇ.

ಇಷ್ಟು ಬರೀ ಲೆಕ್ಕ, ಸಂಗೀತ ಕೆಡೋದೂ ಉಳಿಯೋದೂ ಅಟ್ಯಾಕ್ ಮತ್ತೆ ರಿಲೀಸ್‌ನಲ್ಲಿ. ಗೆರೆ ದಾಟಿದ್ಮೇಲೆ ಎಷ್ಟು ಬೇಗ ಅದುಮಬೇಕು ಅನ್ನೋದು ಅಟ್ಯಾಕ್, ಎಷ್ಟು ಬೇಗ ಬಿಡಬೇಕು ಅನ್ನೋದು ರಿಲೀಸ್. ನಾನು ಹೊಸದ್ರಲ್ಲಿ ತಬಲಾಗೆ ಅಟ್ಯಾಕ್ ಅತಿ ಫಾಸ್ಟ್ ಇಟ್ಟು ಖುಷಿಯಾಗಿ ಕೇಳಿಸಿದ್ರೆ, ನುಡಿಸಿದ ಗೆಳೆಯ "ಇದು ನನ್ನ ತಬಲಾನೋ ರಟ್ಟಿನ ಡಬ್ಬಾನೋ" ಅಂದ. ಪೆಟ್ಟಿನ ಮೊದಲ ಚುರುಕೇ ಹೋಗಿತ್ತು! 25 ಮಿಲಿಸೆಕೆಂಡ್ ಹತ್ರ ಇಟ್ಟಾಗ ಪೆಟ್ಟು ತಪ್ಪಿಸ್ಕೊಂಡು ಬಂತು, ಹಿಂದಿನ ನಾದ ಮಾತ್ರ ಹಿಡಿತಕ್ಕೆ ಸಿಕ್ತು. ರಿಲೀಸ್ ತುಂಬಾ ಫಾಸ್ಟ್ ಆದ್ರೆ ಇನ್ನೊಂದು ಫಜೀತಿ, ಸಾಲು ಸಾಲಿನ ಮಧ್ಯೆ ನೀವು ಉಸಿರು ಎಳೆಯೋದು ಮೆಟ್ಟಿಲು ಹತ್ತಿ ಬಂದೋರ ಥರ ಕೇಳುತ್ತೆ.

ಹಳೇ ಕಂಪ್ರೆಸರ್ ಮಷೀನ್‌ಗಳ ಹೆಸರಲ್ಲಿ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಹಾಕೋ ಪ್ರೋಗ್ರಾಂ) ಸಿಗ್ತವಲ್ಲ, ಆ ಮಷೀನ್‌ಗಳ ಸ್ವಭಾವದಲ್ಲೇ ಈ ಅಟ್ಯಾಕ್-ರಿಲೀಸ್ ವ್ಯತ್ಯಾಸ ಇದೆ. 1960ರ ದಶಕದ ಎಲ್‌ಎ-2ಎ ಒಳಗೆ ದನಿ ಜೋರಾದಷ್ಟೂ ಜೋರಾಗಿ ಹೊಳೆಯೋ ಒಂದು ಬೆಳಕಿನ ತಗಡು, ಅದರ ಎದುರು ಬೆಳಕಿಗೆ ಬದಲಾಗೋ ರೆಸಿಸ್ಟರ್. ಅದು ಮೊದಲು ಬೇಗ ಬಿಟ್ಟು ಆಮೇಲೆ ನಿಧಾನಕ್ಕೆ ಬಿಡುತ್ತೆ, ಅದಕ್ಕೇ ಎಳೆದು ಹಾಡೋ ಗಾಯನಕ್ಕೆ ಹೊಂದುತ್ತೆ, ತಿರುಗಿಸೋಕೂ ಮುಖ್ಯವಾಗಿ ಎರಡೇ ನಾಬ್. 1967ರಲ್ಲಿ ಅಮೆರಿಕದ ಆಡಿಯೋ ಇಂಜಿನಿಯರ್ ಬಿಲ್ ಪಟ್ನಮ್ ತಂದ 1176 ಅನ್ನೋ ಕಂಪ್ರೆಸರ್‌ನಲ್ಲಿ ಟ್ರಾನ್ಸಿಸ್ಟರ್ ಕೆಲಸ ಮಾಡೋದು, ಅಟ್ಯಾಕ್ 20ರಿಂದ 800 ಮೈಕ್ರೋಸೆಕೆಂಡ್, ಅಂದ್ರೆ ನಿಧಾನ ಅನ್ನೋದೂ ಒಂದು ಮಿಲಿಸೆಕೆಂಡ್ ಒಳಗೇ. ಅದರ ಅಟ್ಯಾಕ್ ನಾಬ್ ಬಲಕ್ಕೆ ತಿರುಗಿಸಿದಷ್ಟೂ ಫಾಸ್ಟ್, ಬೇರೆ ಹೆಚ್ಚಿನವಕ್ಕೆ ಉಲ್ಟಾ, ನಾನೂ ಎಷ್ಟೋ ದಿನ ಗೊತ್ತಿಲ್ದೆ ತಿರುಗಿಸ್ತಿದ್ದೆ.

ನಿಮಗೆ ನಾನು ಹೇಳೋದು, ಮೊದ್ಲು ರೆಕಾರ್ಡ್ ಮಾಡೋವಾಗ್ಲೇ ಮೈಕ್ ಗೇನ್ ಇಳಿಸಿ, ಒಳಗೆ ಹೋಗೋವಾಗ್ಲೇ ಒಡೆದ ದನಿನ ಆಮೇಲೆ ಕಂಪ್ರೆಸರ್ ಸರಿ ಮಾಡಲ್ಲ. ಆಮೇಲೆ ರೇಶಿಯೋ 3:1 ಇಟ್ಟು, ಎಷ್ಟು ಅದುಮಿದೆ ಅಂತ ತೋರಿಸೋ ರಿಡಕ್ಷನ್ ಮೀಟರ್ ಜೋರು ಸಾಲುಗಳಲ್ಲಿ 4-5 ಡಿಬಿ ತೋರಿಸೋ ತನಕ ಥ್ರೆಶೋಲ್ಡ್ ಇಳಿಸ್ತಾ ಬನ್ನಿ. ಇನ್ನೂ ಅಂತರ ಅನ್ಸಿದ್ರೆ ಆ ಒಂದೆರಡು ಸಾಲನ್ನ ಕೈಯಲ್ಲೇ ಇಳಿಸಿ, ನಾಚಿಕೆ ಏನಿಲ್ಲ, ನಾನು ಈಗಲೂ ಹಾಗೇ ಮಾಡೋದು. ಹಾಂ, ರೆಕಾರ್ಡ್ ಒತ್ತೋ ಮುಂಚೆ ಫ್ಯಾನ್ ಆಫ್ ಮಾಡಿ, ಪಲ್ಲವಿಗೆ ಸಿಗೋ ಮೇಕಪ್ ಗೇನ್ ಅದಕ್ಕೂ ಅಷ್ಟೇ ಸಿಗುತ್ತೆ.