ಹೆದರಿದ್ದು ಒಂದು ಮಾತ್ರೆಗೆ, ನಂಬಿದ್ದು ಇನ್ನೊಂದನ್ನು

ಇವರನ್ನು ಸದಾಶಿವ ಅಂತ ಕರೆಯೋಣ. ವಯಸ್ಸು 46, ಮಂಗಳೂರಿನಲ್ಲಿ ಸಿಟಿ ಬಸ್ಸಿನ ಡ್ರೈವರ್. ಹೆಸರನ್ನೂ ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮಾತಾಡಲು ನನ್ನ ಹತ್ತಿರ ಕಳಿಸುವಾಗ ಡಾಕ್ಟರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟು: ಬಿಪಿ 160/100, ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ) 1.7, ಮೂತ್ರದಲ್ಲಿ ಆಲ್ಬುಮಿನ್ (ರಕ್ತದಲ್ಲಿ ಉಳಿಯಬೇಕಾದ ಪ್ರೋಟೀನ್), ಸಕ್ಕರೆ ಕಾಯಿಲೆ ಇಲ್ಲ. ಕೆಳಗೆ ಇನ್ನೊಂದು ಸಾಲು: ಬಿಪಿ ಮಾತ್ರೆ ಬೇಡ ಎನ್ನುತ್ತಾರೆ, ಮಾತಾಡಿ ನೋಡಿ.

ಕೂತ ಕೂಡಲೇ ಅವರು ಕೇಳಿದ್ದು, “ಡಯಾಲಿಸಿಸ್ ಯಾವಾಗಿಂದ ಮೇಡಂ?”

ಈ ಪ್ರಶ್ನೆ ನನಗೆ ಹೊಸದಲ್ಲ. ಕಿಡ್ನಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಜನರ ಮನಸ್ಸು ಸೀದಾ ಡಯಾಲಿಸಿಸ್ ಮೆಷಿನ್ ಹತ್ತಿರ ಹೋಗಿ ನಿಲ್ಲುತ್ತದೆ. ಮೊದಲು ಆ ಭಯ ಇಳಿಸಬೇಕಿತ್ತು. 46ರ ಗಂಡಸಿಗೆ 1.7 ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸುವ ವೇಗ, ಅಂದರೆ ರಿಪೋರ್ಟಿನ ಇಜಿಎಫ್‌ಆರ್, ಸುಮಾರು 50. ಅದು 90ಕ್ಕಿಂತ ಮೇಲಿದ್ದರೆ ಚೆನ್ನ. ಡಯಾಲಿಸಿಸ್ ಮಾತು ಸಾಮಾನ್ಯವಾಗಿ ಬರುವುದು 15ರ ಕೆಳಗೆ ಇಳಿದ ಮೇಲೆ. ಅದೂ ಅಲ್ಲದೆ, ಒಂದೇ ರಿಪೋರ್ಟ್ ನೋಡಿ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತ ಹೇಳುವ ಹಾಗಿಲ್ಲ. ತೊಂದರೆ ಮೂರು ತಿಂಗಳಿಗಿಂತ ಜಾಸ್ತಿ ಉಳಿದಿದೆಯಾ ಎಂದು ನೋಡಬೇಕು. ಇದನ್ನು ಕಾಗದದಲ್ಲಿ ಬರೆದು ತೋರಿಸಿದೆ. ಹೆಂಡತಿ ಲಲಿತಕ್ಕ (ಇದೂ ಬೇರೆ ಹೆಸರು) ಆ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡರು.

ಆಮೇಲೆ ಮಾತ್ರೆಯ ವಿಷಯ. ಎರಡು ವರ್ಷದ ಹಿಂದೆಯೇ ಬಿಪಿ ಇದೆ ಅಂತ ಗೊತ್ತಾಗಿತ್ತು. ಒಂದು ತಿಂಗಳು ಮಾತ್ರೆ ತೆಗೆದುಕೊಂಡು ಬಿಟ್ಟಿದ್ದರು. “ಬಿಪಿ ಮಾತ್ರೆ ತಿಂದ್ರೆ ಕಿಡ್ನಿ ಹೋಗ್ತದೆ ಅಂತ ಎಲ್ಲರೂ ಹೇಳ್ತಾರಲ್ವಾ?”

ಬೇರೆ ಯಾವ ಮಾತ್ರೆಯೂ ಇಲ್ಲವಾ ಅಂತ ಕೇಳಿದೆ. ಇಲ್ಲ ಅಂದರು. ಲಲಿತಕ್ಕ ಸುಮ್ನೆ ಅವರ ಮುಖ ನೋಡಿದರು. “ಅದು ಮಾತ್ರೆ ಅಲ್ಲವಾ ಮತ್ತೆ, ಶರ್ಟಿನ ಕಿಸೆಯಲ್ಲಿ ಇರುವಂಥದ್ದು?”

ಕಿಸೆಯಿಂದ ಡೈಕ್ಲೋಫೆನಾಕ್ ಸ್ಟ್ರಿಪ್ ಹೊರಬಂತು. ಸೊಂಟ ನೋವಿಗೆ. ದಿನಕ್ಕೆ ಒಂದು, ಟ್ರಾಫಿಕ್ ಜಾಸ್ತಿ ಇದ್ದ ದಿನ ಎರಡು. ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಇದು ಹಲವು ವರ್ಷದ ಅಭ್ಯಾಸ. ಅವರ ಲೆಕ್ಕದಲ್ಲಿ ಸೊಂಟ ನೋವೆಂದರೆ ಕಿಡ್ನಿ ನೋವು. ಹಾಗಾಗಿ ಈ ಮಾತ್ರೆ ಕಿಡ್ನಿಗೆ ಒಳ್ಳೆಯದು!

ಈ ತಪ್ಪು ತಿಳಿವಳಿಕೆ ಬಿಡಿಸುವುದರಲ್ಲೇ ಆ ದಿನದ ಹೆಚ್ಚಿನ ಸಮಯ ಹೋಯಿತು. ಕಿಡ್ನಿಗಳು ಇರುವುದು ಪಕ್ಕೆಲುಬಿನ ಕೆಳತುದಿಯ ಹತ್ತಿರ, ಬೆನ್ನುಮೂಳೆಯ ಎರಡೂ ಬದಿ. ಕಲ್ಲು ಸಿಕ್ಕಿಕೊಂಡರೆ ನೋವು ಅಲೆ ಅಲೆಯಾಗಿ ಬಂದು ತೊಡೆಸಂದಿಗೆ ಇಳಿಯುತ್ತದೆ. ಆದರೆ ಬಿಪಿಯಿಂದ, ಸಕ್ಕರೆ ಕಾಯಿಲೆಯಿಂದ ನಿಧಾನಕ್ಕೆ ಕೆಡುವ ಕಿಡ್ನಿ ನೋಯುವುದೇ ಇಲ್ಲ. ದಿನವಿಡೀ ಸೀಟಿನಲ್ಲಿ ಕೂತು, ಕ್ಲಚ್ ತುಳಿದು ಬರುವ ಸದಾಶಿವರ ನೋವು ಸೊಂಟದ್ದು, ಸ್ನಾಯುಗಳದ್ದು. ಡಾಕ್ಟರೂ ಪರೀಕ್ಷೆ ಮಾಡಿ ಅದನ್ನೇ ಹೇಳಿದ್ದರು.

ಇನ್ನು ಮಾತ್ರೆ ಮಾಡುವ ಕೆಲಸ. ಕಿಡ್ನಿಯ ಸೋಸುವ ಭಾಗಕ್ಕೆ ರಕ್ತ ತರುವ ಸಣ್ಣ ನಾಳವನ್ನು ತೆರೆದಿಡಲು ದೇಹವೇ ಒಂದು ರಾಸಾಯನಿಕ ತಯಾರಿಸುತ್ತದೆ. ಮೈಯಲ್ಲಿ ನೀರು ಕಡಿಮೆ ಇದ್ದಾಗ ಅದು ಇನ್ನೂ ಮುಖ್ಯ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ನೋವಿನ ಜೊತೆಗೆ ಅದನ್ನೂ ತಡೆಯುತ್ತವೆ. ನಾಳ ಕುಗ್ಗುತ್ತದೆ, ರಕ್ತ ಕಡಿಮೆಯಾಗುತ್ತದೆ. ಮೇಲಿಂದ ಬಿಪಿಯೂ ಏರುತ್ತದೆ. ಅಪರೂಪಕ್ಕೆ ಒಂದು ತಿಂದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಿಪಿ ಇರುವವರು, ಬಿಸಿಲಲ್ಲಿ ಬೆವರುವವರು ವರ್ಷಗಟ್ಟಲೆ ದಿನಾ ತಿಂದರೆ ಕತೆ ಬೇರೆ. ಬಿಪಿ ಮಾತ್ರೆ ಮಾಡುವುದು ಇದಕ್ಕೆ ವಿರುದ್ಧ, ಸೋಸುವ ಭಾಗದ ಮೇಲೆ ಬೀಳುವ ಒತ್ತಡವನ್ನು ಇಳಿಸುವುದು. ಇಷ್ಟು ಹೇಳುವಾಗ ಸದಾಶಿವ ಸ್ಟ್ರಿಪ್ಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. “ಹಾಗಾದ್ರೆ ನಾನು ಉಲ್ಟಾ ಮಾಡಿದ್ದಲ್ವಾ?”

ಗದರಿಸುವ ಅಗತ್ಯ ನನಗೆ ಕಾಣಲಿಲ್ಲ. ನೋವಿನ ಮಾತ್ರೆ ಅರ್ಧ ಗಂಟೆಯಲ್ಲಿ ಗುಣ ತೋರಿಸುತ್ತದೆ, ಬಿಪಿ ಮಾತ್ರೆ ಏನನ್ನೂ ತೋರಿಸುವುದಿಲ್ಲ. ಜನ ಯಾವುದನ್ನು ನಂಬಬೇಕು ಹೇಳಿ?

ನೀರಿನ ವಿಷಯ ಕೇಳಿದಾಗ ಸ್ವಲ್ಪ ನಾಚಿಕೊಂಡರು. ಬೆಳಿಗ್ಗೆ ಮೊದಲ ಟ್ರಿಪ್ ಶುರುವಾದರೆ ಮಧ್ಯಾಹ್ನ ಊಟದವರೆಗೆ ನೀರು ಮುಟ್ಟುವುದಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು. ಟೈಮಿಂಗ್ ಎರಡು ನಿಮಿಷ ತಪ್ಪಿದರೆ ಹಿಂದಿನ ಬಸ್ಸಿನವರ ಜೊತೆ ಜಗಳ. ಎಪ್ರಿಲ್, ಮೇ ತಿಂಗಳ ಸೆಕೆ, ಅದರ ಮೇಲೆ ಇಂಜಿನ್ ಬಿಸಿ. ಮೂತ್ರ ಗಾಢ ಹಳದಿ ಬಣ್ಣದ್ದು. ಇಲ್ಲಿ ದಿನಕ್ಕೆ ಇಷ್ಟು ಲೀಟರ್ ಕುಡಿಯಿರಿ ಅಂದರೆ ಪ್ರಯೋಜನ ಇಲ್ಲ. ಅವರ ರೂಟನ್ನೇ ಎದುರಿಗಿಟ್ಟುಕೊಂಡು ಮಾತಾಡಿದೆವು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಂದು ನಿಂತಾಗ ಶೌಚಾಲಯಕ್ಕೆ ಹೋಗಿ ಬರುವುದು, ಹತ್ತುವ ಮುಂಚೆ ಒಂದು ಲೋಟ ನೀರು. ಕಂಡಕ್ಟರಿಗೂ ಟೈಮ್‌ಕೀಪರಿಗೂ ಮೊದಲೇ ಹೇಳಿಡುವುದು. ಮೂತ್ರ ತಿಳಿ ಹಳದಿಯಾದರೆ ಸಾಕು. ಐದಾರು ಲೀಟರ್ ಕುಡಿದು ಕಿಡ್ನಿ ತೊಳೆಯುತ್ತೇನೆ ಅಂತ ಹೊರಡುವುದು ಬೇಡ. ಮುಂದೆ ಕಾಲು ಊದಿಕೊಂಡರೆ ನೀರಿನ ಲೆಕ್ಕವೇ ಬದಲಾಗುತ್ತದೆ, ಆಗ ಡಾಕ್ಟರನ್ನೇ ಕೇಳಬೇಕು.

ಉಪ್ಪಿನ ಮಾತು ಬಂದಾಗ ಲಲಿತಕ್ಕ ಮುಂದೆ ಬಂದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ, ಎಲ್ಲ ಸೇರಿ. ನಮ್ಮ ಕಡೆಯ ಊಟದಲ್ಲಿ ಅದು ಎಲ್ಲಿ ನಿಲ್ಲುತ್ತದೆ? ಕುಚ್ಚಲಕ್ಕಿ ಗಂಜಿ ಪಾಪದ್ದು, ಅದರಲ್ಲಿ ತಪ್ಪಿಲ್ಲ. ಪಕ್ಕದಲ್ಲಿ ಕೂರುವ ಉಪ್ಪಿನಕಾಯಿ, ಹಪ್ಪಳ, ಒಣಮೀನು ನೋಡಬೇಕು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯದ ಕಾಲಕ್ಕೆ ಒಣಮೀನೇ ಗತಿ. ಬೇಡವೇ ಬೇಡ ಅಂದರೆ ಯಾರೂ ಕೇಳುವುದಿಲ್ಲ. ವಾರಕ್ಕೊಮ್ಮೆ, ಸಣ್ಣ ತುಂಡು, ಬಿಸಿನೀರಲ್ಲಿ ನೆನೆಸಿ ಎರಡು ಸಲ ತೊಳೆದು ಅಂತ ಒಪ್ಪಂದವಾಯಿತು. ಗಂಜಿಗೆ ಬೇರೆ ಉಪ್ಪು ಹಾಕುವುದಿಲ್ಲ. ಅವರೊಬ್ಬರಿಗೆ ಮಾತ್ರ ಸಪ್ಪೆ ಸಾರು ಮಾಡುವುದು ಬೇಡ, ಮನೆಯವರೆಲ್ಲ ಸ್ವಲ್ಪ ಕಡಿಮೆ ಉಪ್ಪಿನದ್ದನ್ನೇ ಉಣ್ಣಲಿ ಎಂದೆ. ಹುಳಿ, ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆ ಚೆನ್ನಾಗಿದ್ದರೆ ಕೆಲವು ವಾರದಲ್ಲಿ ನಾಲಿಗೆ ಒಗ್ಗುತ್ತದೆ. ಸೈಂಧವ ಲವಣ ಆಗಬಹುದಾ ಅಂತ ಕೇಳಿದರು. ಅದೂ ಬಹುಪಾಲು ಸೋಡಿಯಂ ಉಪ್ಪೇ. ಸೋಡಿಯಂ ಕಡಿಮೆ ಅಂತ ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರು ಕೇಳದೆ ಬಳಸಬಾರದು. ಬೊಂಡದಲ್ಲೂ, ಅಂದರೆ ಎಳನೀರಲ್ಲೂ, ಪೊಟ್ಯಾಸಿಯಂ ಜಾಸ್ತಿ. ರಕ್ತದ ಪೊಟ್ಯಾಸಿಯಂ ರಿಪೋರ್ಟ್ ನೋಡಿ ಡಾಕ್ಟರು ಹೇಳುವ ತನಕ ದಿನಾ ಕುಡಿಯುವುದು ಬೇಡ ಎಂದೆ.

ಏಳುವ ಹೊತ್ತಿಗೆ ಲಲಿತಕ್ಕ ಇನ್ನೊಂದು ಕೇಳಿದರು. ಪಕ್ಕದ ಮನೆಯವರು ಬಿಂಬುಳಿ ಎಂಬ ಹುಳಿಕಾಯಿಯ ರಸ ಹಿಂಡಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡಿ, ಕಿಡ್ನಿ ಕ್ಲೀನ್ ಆಗ್ತದೆ ಅಂದಿದ್ದಾರಂತೆ. ಕೇಳಿದ್ದು ಒಳ್ಳೆಯದಾಯಿತು. ಮೀನು ಸಾರಿಗೆ ಹುಳಿಗೆ ನಾಲ್ಕು ಬಿಂಬುಳಿ ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಅದರಲ್ಲಿ ಆಕ್ಸಲೇಟ್ ತುಂಬಾ ಇದೆ, ಅದು ಹರಳಾಗಿ ಕಿಡ್ನಿಯೊಳಗೇ ಕೂರುತ್ತದೆ. ರಸ ಕುಡಿದು ಕಿಡ್ನಿ ದಿಢೀರ್ ಕೆಟ್ಟವರ ಬಗ್ಗೆ ಕೇರಳದ ವೈದ್ಯರು 2013ರಲ್ಲೇ ವರದಿ ಮಾಡಿದ್ದಾರೆ. ಅದರ ಜಾತಿಯದೇ ದಾರೆಹುಳಿ (ಸ್ಟಾರ್ ಫ್ರೂಟ್) ಹಣ್ಣು ಕಿಡ್ನಿ ತೊಂದರೆ ಇದ್ದವರ ಮೆದುಳಿಗೂ ವಿಷವಾಗಬಹುದು. ಕಾಯಿಲೆ ಅಂದ ಕೂಡಲೇ ಹೊಸದಾಗಿ ಏನು ಕುಡಿಯಲಿ ಅಂತ ಹುಡುಕುವವರೇ ಜಾಸ್ತಿ. ಇವರ ಮಟ್ಟಿಗೆ ಬೇಕಿದ್ದದ್ದು ಒಂದು ಸ್ಟ್ರಿಪ್ ಬಿಡುವುದು, ಇನ್ನೊಂದು ಶುರು ಮಾಡುವುದು.

ಸೊಂಟ ನೋವನ್ನು ಹಾಗೇ ಬಿಟ್ಟರೆ ಹಳೇ ಮಾತ್ರೆ ಮತ್ತೆ ಕಿಸೆಗೆ ಬರುತ್ತದೆ. ಆದ್ದರಿಂದ ಫಿಸಿಯೋಥೆರಪಿಗೆ ಕಳಿಸಿದೆವು. ಬೆನ್ನಿನ ಹಿಂದೆ ದಿಂಬು, ರಾತ್ರಿ ಬಿಸಿನೀರಿನ ಶಾಖ, ತಡೆಯಲಾಗದಿದ್ದರೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. “ಕಿಡ್ನಿ ತೊಂದರೆ ಇದೆ, ನೋವಿನ ಮಾತ್ರೆ ಕೇಳಿ ಕೊಡಿ” ಅಂತ ಒಂದು ಚೀಟಿ ಬರೆದು ಲೈಸೆನ್ಸ್ ಜೊತೆ ಇಟ್ಟುಕೊಳ್ಳಲು ಹೇಳಿದೆ. ಹಲ್ಲು ನೋವಿಗೆ ಹೋದರೂ ತೋರಿಸಬೇಕು. ಬಿಪಿ ಮಾತ್ರೆಯನ್ನು ಬೆಳಿಗ್ಗೆ ಚಾ ಕುಡಿಯುವಾಗ ಕೈಗೆ ಕೊಡುವ ಕೆಲಸ ಲಲಿತಕ್ಕನದು. ವಾಂತಿ ಭೇದಿ ಆದ ದಿನ ಆ ಮಾತ್ರೆ ತೆಗೆದುಕೊಳ್ಳಬೇಕಾ ಅಂತ ಫೋನ್ ಮಾಡಿ ಕೇಳಬೇಕು.

ಮೂರು ತಿಂಗಳ ನಂತರ ಬಿಪಿ 134/84, ಕ್ರಿಯಾಟಿನಿನ್ 1.4. ಪೂರ್ತಿ ಸರಿಹೋಗಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಇನ್ನೂ ಹೋಗುತ್ತಿದೆ. ಹಾಗಾಗಿ ದೀರ್ಘಕಾಲದ ಕಿಡ್ನಿ ಕಾಯಿಲೆ ಅಂತಲೇ ಡಾಕ್ಟರು ಬರೆದರು, ಆರಂಭದ ಹಂತದ್ದು. ಸದಾಶಿವ ಅದನ್ನು ಓದಿ ಸ್ವಲ್ಪ ಹೊತ್ತು ಸಪ್ಪಗಾದರು. ಆಮೇಲೆ ತಮ್ಮ ಕಂಡಕ್ಟರಿಗೂ ಬಿಪಿ ನೋಡಬೇಕಂತೆ, ಯಾವ ದಿನ ಕರೆದುಕೊಂಡು ಬರಲಿ ಎಂದು ಕೇಳಿದರು. ಬೀಡಿ ಮಾತ್ರ ಇನ್ನೂ ಬಿಟ್ಟಿಲ್ಲ. ಮುಂದಿನ ಸಲ ಕೂತು ಮಾತಾಡುವುದು ಅದರ ಬಗ್ಗೆ.