ಶಾಲೆಯಲ್ಲಿ ಬೆಂಚಿನ ಕೆಳಗೆ ಅಡಗುವ ಥೆರಪಿ ನಾಯಿ

ಮಕ್ಕಳ ಮನಸ್ಸಿಗೆ ಸಮಾಧಾನ ಕೊಡಲೆಂದು ಥೆರಪಿ ನಾಯಿಯಾಗಿ ಕರೆದೊಯ್ದ ನಿಮ್ಮ ಲ್ಯಾಬ್ರಡಾರ್, ಮುಂಬೈ ಹತ್ತಿರದ ಡೊಂಬಿವಲಿಯ ಶಾಲೆಯಲ್ಲಿ ಬೆಂಚಿನ ಕೆಳಗೆ ಅಡಗಿದ್ದು ಯಾಕೆ ಎಂದು ಕೇಳಿದ್ದೀರಿ. ಕಾರಣ ಬಹುಶಃ ಗುಂಪು. 40 ಮಕ್ಕಳು ಒಟ್ಟಿಗೆ ತಲೆ ಮೇಲೆ ಕೈ ಚಾಚಿದರೆ ಎಂಥ ಶಾಂತ ನಾಯಿಯೂ ಹೆದರುತ್ತದೆ, ಅಲ್ವಾ?

ಮೊದಲು ರಜಾ ದಿನ ಖಾಲಿ ಶಾಲೆಯಲ್ಲಿ ಸುಮ್ನೆ ಓಡಾಡಿಸಿ. ಆಮೇಲೆ ನಾಲ್ಕೇ ಮಕ್ಕಳು, ನೆಲದ ಮೇಲೆ ಕೂತು, 15 ನಿಮಿಷ. ನಾಯಿಯೇ ಹತ್ತಿರ ಬರಲಿ. ಮುಂಬೈನ ವಡಾಲಾದಲ್ಲಿ ಯಾರ ಜೊತೆಗೂ ಮಾತಾಡದ ಹುಡುಗಿಯೊಬ್ಬಳು ಹೀಗೆ ಕೂತು, ನನ್ನ ನಾಯಿಯ ಕಿವಿ ಸವರುತ್ತಾ ಕನ್ನಡ ಪಾಠ ಓದಿದಳು.

ಪದೇ ಪದೇ ಆಕಳಿಸಿದರೆ, ತುಟಿ ನೆಕ್ಕಿದರೆ, ಬಾಲ ಮುದುರಿದರೆ ತಕ್ಷಣ ಹೊರಗೆ ಕರೆತನ್ನಿ. ಮೂರ್ನಾಲ್ಕು ಸಲವೂ ಹೀಗೇ ಆದರೆ ಈ ಕೆಲಸ ಅದಕ್ಕೆ ಇಷ್ಟವಿಲ್ಲದಿರಬಹುದು. ಒತ್ತಾಯ ಬೇಡ.

ರೇಬೀಸ್ ಲಸಿಕೆಯ ಕಾರ್ಡ್ ಮೊದಲೇ ಶಾಲೆಗೆ ಕೊಡಿ. ಅಲರ್ಜಿ ಇರುವ, ನಾಯಿಗೆ ಹೆದರುವ ಮಕ್ಕಳು ಯಾರೆಂದೂ ಕೇಳಿಕೊಳ್ಳಿ.