ಪರದೇಶದಲ್ಲಿ ಮನೆಯ ಚಹಾ

ಪ್ರಶ್ನೆ: ನನ್ನ ಮಗ ಉದ್ಯೋಗದ ನಿಮಿತ್ತ ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾನೆ. ಊಟ ತಿಂಡಿಗೆ ಹೇಗೋ ಹೊಂದಿಕೊಂಡಿದ್ದಾನೆ. ಆದರೆ ಸಂಜೆ ಕೆಲಸ ಮುಗಿಸಿ ಬಂದಾಗ ಒಂದು ಲೋಟ ಒಳ್ಳೆಯ ಚಹಾ ಇಲ್ಲವೆಂಬುದೇ ಅವನ ಕೊರಗು. ನಾವು ಬಳಸುವ ಚಹಾಪುಡಿಯನ್ನೇ ಕಳುಹಿಸಿದರೂ ಆ ರುಚಿ ಬರುತ್ತಿಲ್ಲವಂತೆ. ಮುಂದಿನ ಸಲ ಹಾಲಿನ ಪುಡಿಯನ್ನೂ ಕಳುಹಿಸಲೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಲಿನ ಪುಡಿಯನ್ನು ದಯವಿಟ್ಟು ಕಳುಹಿಸಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ಒಯ್ಯುವುದಕ್ಕೆ ಅಲ್ಲಿ ನಿಷೇಧವಿದೆ. ಚಹಾಪುಡಿಗೆ ಅಂಥ ಅಡ್ಡಿಯಿಲ್ಲ, ಮತ್ತು ನಿಮ್ಮ ಪುಡಿಯಲ್ಲಿ ದೋಷವೂ ಇಲ್ಲ. ನಮ್ಮ ಮನೆಗಳಲ್ಲಿ ಬಳಸುವುದು ಸಿಟಿಸಿ ಪುಡಿ; 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಢಿಗೆ ಬಂದ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿಸಿ ಕಾಳು ಮಾಡುವುದರಿಂದ ಅದು ಕುದಿಯುವ ನೀರಿಗೆ ಬಿದ್ದೊಡನೆ ಗಾಢ ಬಣ್ಣವನ್ನೂ ಒಗರನ್ನೂ ಬಿಡುತ್ತದೆ. ರುಚಿ ಕೆಡುತ್ತಿರುವುದು ನೀರಿನಿಂದ ಮತ್ತು ಹಾಲಿನಿಂದ.

ಮ್ಯೂನಿಕ್‌ನ ನಲ್ಲಿ ನೀರು ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶವು ಚಹಾದ ಒಗರಿನ ಸತ್ವದೊಂದಿಗೆ ಸೇರಿ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಬಣ್ಣ ಮಂಕಾಗುತ್ತದೆ, ರುಚಿ ಚಪ್ಪೆಯಾಗುತ್ತದೆ. ನಮ್ಮಲ್ಲಿಯೂ ಭದ್ರಾ ನಾಲೆಯಿಂದ ಕುಂದವಾಡ ಕೆರೆಗೆ ಬಂದು ನಲ್ಲಿಗೆ ಹರಿಯುವ ನೀರಿನ ಚಹಾ ಬೇರೆ, ಗಡಸಾದ ಬೋರ್‌ವೆಲ್ ನೀರಿನ ಚಹಾ ಬೇರೆ ಎಂಬುದನ್ನು ಗೃಹಿಣಿಯರು ಬಲ್ಲರು. ಗಡಸುತನ ತಗ್ಗಿಸುವ, ಜಗ್ಗಿನಂಥ ಫಿಲ್ಟರ್ ಅಲ್ಲಿ ಅಂಗಡಿಗಳಲ್ಲೇ ಸಿಗುತ್ತದೆ. ಚಹಾಕ್ಕೆ ಆ ನೀರನ್ನೇ ಬಳಸಲು ಹೇಳಿ.

ಇನ್ನು ಹಾಲು. ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುವ ಪೊಟ್ಟಣದ ಹಾಲನ್ನು ಸುಮಾರು 135 ಡಿಗ್ರಿಗೂ ಮೇಲೆ ಕೆಲವು ಸೆಕೆಂಡು ಕಾಯಿಸಿರುತ್ತಾರೆ, ಆದ್ದರಿಂದ ಅದಕ್ಕೆ ಸೀದಂಥ ಒಂದು ವಾಸನೆ ಉಳಿದಿರುತ್ತದೆ. ಚಹಾದಲ್ಲಿ ಅದು ಎದ್ದು ಕಾಣುತ್ತದೆ. ನಿಮ್ಮ ಮಗ ತಣ್ಣನೆಯ ಕಪಾಟಿನಲ್ಲಿಡುವ ತಾಜಾ ಹಾಲನ್ನು, ಅದರಲ್ಲೂ ಕೊಬ್ಬು ತೆಗೆಯದ ಹಾಲನ್ನು, ಆರಿಸಿಕೊಳ್ಳಲಿ. ಅದರಲ್ಲಿಯೂ ಕೊಬ್ಬು ಶೇ 3.5ರ ಆಸುಪಾಸು ಮಾತ್ರ; ನಮ್ಮ ಎಮ್ಮೆ ಹಾಲಿನಲ್ಲಿ ಶೇ 6ಕ್ಕೂ ಹೆಚ್ಚು. ಹಾಗಾಗಿ 150 ಮಿಲಿಲೀಟರ್ ಹಾಲಿಗೆ ಅಲ್ಲಿ ಸಿಗುವ ಶೇ 30 ಕೊಬ್ಬಿನ ಕ್ರೀಮನ್ನು ಒಂದು ದೊಡ್ಡ ಚಮಚ, ಅಂದರೆ 15 ಮಿಲಿಲೀಟರ್, ಬೆರೆಸಿದರೆ ಲೆಕ್ಕ ಸರಿಸುಮಾರು ಎಮ್ಮೆ ಹಾಲಿಗೆ ಬಂದು ನಿಲ್ಲುತ್ತದೆ.

ಎರಡು ಲೋಟಕ್ಕೆ 200 ಮಿಲಿಲೀಟರ್ ನೀರಿಗೆ ಜಜ್ಜಿದ ಶುಂಠಿ ಹಾಕಿ ಮೊದಲು ಚೆನ್ನಾಗಿ ಕುದಿಸಬೇಕು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಯುವ ಕಿಣ್ವವಿದೆ, ಕುದಿದ ಮೇಲೆ ಅದರ ಶಕ್ತಿ ಹೋಗುತ್ತದೆ. ಬಳಿಕ ಎರಡು ಚಮಚ ಪುಡಿ ಹಾಕಿ, ಮೂರು ನಿಮಿಷ ಬಿಟ್ಟು ಹಾಲು ಸುರಿಯಲಿ. ಚಹಾ ಉಕ್ಕಿ ಪಾತ್ರೆಯ ಅಂಚಿಗೆ ಬಂದಾಗ ಕೆಳಗಿಳಿಸಿ, ತಗ್ಗಿದ ಮೇಲೆ ಮತ್ತೆ ಇಟ್ಟು, ಹೀಗೆ ಎರಡು ಮೂರು ಸಲ ಮಾಡಲಿ. ಕಾಯಿಲ್‌ನ ವಿದ್ಯುತ್ ಒಲೆ ಆರಿಸಿದರೂ ಬಿಸಿ ಉಳಿಯುತ್ತದೆಯಾದ್ದರಿಂದ ಗುಂಡಿ ತಿರುಗಿಸುವುದಕ್ಕಿಂತ ಪಾತ್ರೆಯನ್ನೇ ಎತ್ತುವುದು ಕ್ಷೇಮ. ಬಿಸಿನೀರಿನಲ್ಲಿ ಟೀ ಬ್ಯಾಗ್ ಅದ್ದಿ ಮೇಲೆ ತಣ್ಣನೆಯ ಹಾಲು ಹಾಕುವ ಕ್ರಮದಲ್ಲಿ ನಮ್ಮ ಚಹಾ ಎಂದಿಗೂ ಬಾರದು.

ಪುಡಿ ಮುಗಿದರೂ ದಾರಿಯಿದೆ. ಜರ್ಮನಿಯ ವಾಯವ್ಯ ಕರಾವಳಿಯ ಓಸ್ಟ್‌ಫ್ರೀಸ್‌ಲಾಂಡ್ ಜನ ಅಸ್ಸಾಂ ಚಹಾ ಹೆಚ್ಚಾಗಿರುವ ಗಾಢ ಮಿಶ್ರಣಕ್ಕೆ ಕಲ್ಲುಸಕ್ಕರೆ ಮತ್ತು ಕೆನೆ ಹಾಕಿ ಕುಡಿಯುತ್ತಾರೆ. ಆ ಮಿಶ್ರಣವನ್ನು ಕೊಂಡು ನಮ್ಮ ರೀತಿಯಲ್ಲಿ ಕುದಿಸಿದರೆ ನಿರಾಶೆಯಾಗದು.

ನೆಮ್ಮದಿಯ ಮಾತನ್ನೂ ಹೇಳಲೇಬೇಕು. ದಾವಣಗೆರೆಯಲ್ಲಿ ಸಂಜೆಯ ಚಹಾ ಎಂದರೆ ಖಾರ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ, ಎದುರಿಗೆ ಕುಳಿತು ಮಾತಾಡುವ ಒಬ್ಬರು. ಅಷ್ಟನ್ನೂ ಒಂಟಿ ಕೋಣೆಯಲ್ಲಿ ಕಳೆದುಕೊಂಡವನಿಗೆ ರುಚಿ ಸರಿಯಾದರೂ ಏನೋ ಕೊರತೆ ಎನಿಸುವುದು ಸಹಜ. ಅದನ್ನು ಹಗುರವಾಗಿ ಕಾಣಬೇಡಿ. ಬೇಸಿಗೆಯಲ್ಲಿ ನಮಗೂ ಜರ್ಮನಿಗೂ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಅಂತರ. ಭಾನುವಾರ ನಮ್ಮ ಸಂಜೆ ಆರಕ್ಕೆ ಅವನಿಗೆ ಮಧ್ಯಾಹ್ನವಾಗಿರುತ್ತದೆ. ನೀವಿಬ್ಬರೂ ಅದೇ ಹೊತ್ತಿಗೆ ಚಹಾ ಇಟ್ಟು ವಿಡಿಯೊ ಕರೆಯಲ್ಲಿ ಮಾತಾಡುತ್ತ ಕುಡಿಯಿರಿ.

ಪ್ರಶ್ನೆ: ವಿದೇಶದಲ್ಲಿರುವ ಮಗಳು ಬೆಲ್ಲದ ಚಹಾ ಮಾಡಿದಾಗಲೆಲ್ಲ ಹಾಲು ಒಡೆಯುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಕೆಲವು ಬೆಲ್ಲದಲ್ಲಿ ಹುಳಿಯ ಅಂಶವಿರುತ್ತದೆ, ಕುದಿಯುವ ಹಾಲಿಗೆ ಅದು ಬಿದ್ದರೆ ಒಡೆಯುತ್ತದೆ. ಚಹಾ ಸೋಸಿ, ಒಂದು ನಿಮಿಷ ಆರಲು ಬಿಟ್ಟು, ಪುಡಿ ಮಾಡಿದ ಬೆಲ್ಲವನ್ನು ಲೋಟದಲ್ಲೇ ಕಲಕಲು ಹೇಳಿ.